ಗೋಲಿಯಿಂದ ಗಂಟೆಯವರೆಗೆ: ತರಗತಿಯಲ್ಲೊಂದು ಸರಪಳಿ ಯಂತ್ರ

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವರಿಗೆಲ್ಲ ಒಂದು ತೊಡಕು ಚೆನ್ನಾಗಿ ಗೊತ್ತು. ನಮ್ಮ ಆಡುಮಾತಿನಲ್ಲಿ ಬಲ, ಶಕ್ತಿ, ಸಾಮರ್ಥ್ಯ ಮೂರೂ ಹೆಚ್ಚುಕಡಿಮೆ ಒಂದೇ. ‘ಮೈಯಲ್ಲಿ ಶಕ್ತಿ ಇಲ್ಲ’ ಅಂದರೂ ‘ಕೈಯಲ್ಲಿ ಬಲ ಇಲ್ಲ’ ಅಂದರೂ ಕೇಳಿದವರಿಗೆ ಅರ್ಥವಾಗುತ್ತದೆ. ಪಠ್ಯಪುಸ್ತಕದಲ್ಲಿ ಮಾತ್ರ ಬಲಕ್ಕೆ ನ್ಯೂಟನ್, ಶಕ್ತಿಗೆ ಜೂಲ್, ಸಾಮರ್ಥ್ಯಕ್ಕೆ ವ್ಯಾಟ್. ಮಕ್ಕಳು ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ. ಆದರೆ ‘ಸನ್ನೆಗೋಲು ಹಾಕಿ ಕಲ್ಲು ಮೀಟಿದಾಗ ನಮಗೆ ಉಳಿತಾಯವಾದದ್ದು ಬಲವೋ ಶಕ್ತಿಯೋ?’ ಎಂದು ಕೇಳಿ ನೋಡಿ. ಹೆಚ್ಚಿನವರು ‘ಎರಡೂ ಸರ್’ ಎನ್ನುತ್ತಾರೆ.

ಈ ಗಂಟನ್ನು ಬಿಡಿಸಲು ಹಲವು ವರ್ಷಗಳ ಪಾಠದಲ್ಲಿ ನನಗೆ ಒದಗಿಬಂದ ಉಪಾಯಗಳಲ್ಲಿ ಸರಪಳಿ ಯಂತ್ರದಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಬೇರೊಂದಿಲ್ಲ. ಒಂದು ಗೋಲಿ ಉರುಳುತ್ತದೆ, ಅದು ಸಾಲಾಗಿ ನಿಲ್ಲಿಸಿದ ಬೆಂಕಿಪೊಟ್ಟಣಗಳನ್ನು ಬೀಳಿಸುತ್ತದೆ, ಕೊನೆಯ ಪೊಟ್ಟಣ ಒಂದು ಸನ್ನೆಯ ತುದಿ ತಟ್ಟುತ್ತದೆ, ಸನ್ನೆ ದಾರ ಎಳೆಯುತ್ತದೆ, ಎಲ್ಲಿಯೋ ತೂಗುಬಿಟ್ಟ ಬಾಟಲಿ ಕೆಳಗಿಳಿದು ಶಾಲೆಯ ಗಂಟೆ ಢಣ್ ಎನ್ನುತ್ತದೆ. ಕೈಯಿಂದ ಒಂದು ಕ್ಷಣದಲ್ಲಿ ಬಾರಿಸಬಹುದಾದ ಗಂಟೆಗೆ ಹತ್ತು ಹನ್ನೆರಡು ಹಂತಗಳ ಏರ್ಪಾಡು. ಅದನ್ನು ಕಟ್ಟುವಾಗ ಮಕ್ಕಳು ಎದುರಿಸುವ ಪ್ರಶ್ನೆಗಳಲ್ಲೇ ಇಡೀ ಪಾಠ ಇದೆ. ಶಿಕ್ಷಕರಿಗೆ, ರಜೆಯಲ್ಲಿ ಮಕ್ಕಳ ಜೊತೆ ಕೂರಬಯಸುವ ತಂದೆತಾಯಿಗಳಿಗೆ ಅನುಕೂಲವಾಗಲೆಂದು ಇದನ್ನು ಮಾಡುವ ಬಗೆಯನ್ನು ಬರೆಯುತ್ತಿದ್ದೇನೆ.

ಹೊರನಾಡುಗಳಲ್ಲಿ ಇಂಥ ಯಂತ್ರಕ್ಕೆ ರೂಬ್ ಗೋಲ್ಡ್‌ಬರ್ಗ್ ಯಂತ್ರ ಎಂಬ ಹೆಸರಿದೆ. 1883ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಗೋಲ್ಡ್‌ಬರ್ಗ್ ಎಂಜಿನಿಯರಿಂಗ್ ಓದಿದವರು. ಪದವಿ ಪಡೆದು ಆ ನಗರದ ನೀರು ಮತ್ತು ಒಳಚರಂಡಿ ಇಲಾಖೆಯಲ್ಲಿ ಕೆಲವೇ ತಿಂಗಳು ದುಡಿದು, ಪತ್ರಿಕೆಯ ವ್ಯಂಗ್ಯಚಿತ್ರಕಾರರಾದರು. ಅವರ ಪ್ರೊಫೆಸರ್ ಬಟ್ಸ್ ಎಂಬ ಪಾತ್ರದ ಚಿತ್ರಗಳಲ್ಲಿ ಒಂದು ಬಹಳ ಪ್ರಸಿದ್ಧ: ಸೂಪು ಕುಡಿಯುವವನು ಚಮಚ ಎತ್ತಿದೊಡನೆ ದಾರ ಜಗ್ಗಿ ಬಿಸ್ಕತ್ತು ಹಾರುತ್ತದೆ, ಅದರ ಹಿಂದೆ ಗಿಳಿ ನೆಗೆಯುತ್ತದೆ, ಕಾಳು ಬಕೆಟ್ಟಿಗೆ ಸುರಿಯುತ್ತದೆ, ಭಾರಕ್ಕೆ ಹಗ್ಗ ಎಳೆದು ರಾಕೆಟ್ ಹೊತ್ತಿ, ಅದಕ್ಕೆ ಕಟ್ಟಿದ ಕುಡುಗೋಲು ದಾರ ಕತ್ತರಿಸಿ, ಕೊನೆಗೆ ಕರವಸ್ತ್ರ ಅವನ ಗದ್ದ ಒರೆಸುತ್ತದೆ. ಚಿತ್ರದ ಪ್ರತಿ ಭಾಗಕ್ಕೂ ಒಂದೊಂದು ಅಕ್ಷರ, ಕೆಳಗೆ ಅಕ್ಷರಾನುಕ್ರಮದಲ್ಲಿ ವಿವರಣೆ. ಗೋಲ್ಡ್‌ಬರ್ಗ್ ಇಂಥ ಯಂತ್ರಗಳನ್ನು ಚಿತ್ರಿಸಿದ್ದೇ ಅವರಿಗೆ ಹೆಸರು ತಂದಿತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1949ರಲ್ಲಿ ಇಂಥ ಯಂತ್ರ ಕಟ್ಟುವುದನ್ನು ಸ್ಪರ್ಧೆಯಾಗಿ ಮಾಡಿದರು. ನಡುವೆ ನಿಂತು 1983ರಲ್ಲಿ ಅದು ಮತ್ತೆ ಆರಂಭವಾಯಿತು, 1988ರಿಂದ ರಾಷ್ಟ್ರಮಟ್ಟದ ಸ್ಪರ್ಧೆಯಾಗಿ ಬೆಳೆಯಿತು. ಕಪ್ಪುಹಲಗೆ ಒರೆಸುವುದು, ಕೊಡೆ ಬಿಚ್ಚುವುದು, ಗಾಯಕ್ಕೆ ಪಟ್ಟಿ ಅಂಟಿಸುವುದು ಅಲ್ಲಿ ಕೊಟ್ಟಿರುವ ಕೆಲಸಗಳಲ್ಲಿ ಕೆಲವು.

ನಮ್ಮ ತರಗತಿಗೂ ಮೊದಲು ಬೇಕಾದದ್ದು ಅಂಥದೇ ಒಂದು ಸಣ್ಣ ಕೆಲಸ. ಗಂಟೆ ಬಾರಿಸುವುದು ನನ್ನ ಮೆಚ್ಚಿನದು, ಏಕೆಂದರೆ ಯಶಸ್ಸು ಇಡೀ ಶಾಲೆಗೆ ಕೇಳಿಸುತ್ತದೆ. ತುಳಸಿ ಗಿಡಕ್ಕೆ ಒಂದು ಲೋಟ ನೀರು ಹಾಕುವುದು, ಪುಸ್ತಕದ ಪುಟ ಮಗುಚುವುದು, ಗೋಡೆಯ ಮೇಲೆ ‘ಸ್ವಾಗತ’ ಎಂದು ಬರೆದ ಸುರುಳಿ ಬಿಚ್ಚಿಕೊಳ್ಳುವಂತೆ ಮಾಡುವುದು, ಇವೂ ಆಗಬಹುದು. ರಾಷ್ಟ್ರಧ್ವಜ ಹಾರಿಸುವ ಯಂತ್ರ ಮಾಡೋಣ ಎಂದು ಪ್ರತಿವರ್ಷ ಒಂದು ಗುಂಪಾದರೂ ಕೇಳುತ್ತದೆ. ಹತ್ತಾರು ಸಲ ಬಿದ್ದು ಏಳುವ ಯಂತ್ರದಲ್ಲಿ ಧ್ವಜ ಬೇಡ ಎಂದು ತಿಳಿಸಿ ಹೇಳಿ, ಬಣ್ಣದ ಬಟ್ಟೆಯೊಂದನ್ನು ಕೊಡಿ.

ಸಾಮಾನುಗಳಿಗೆ ದುಡ್ಡು ಸುರಿಯಬೇಕಿಲ್ಲ. ವೈರಿಂಗ್ ಕೆಲಸದಲ್ಲಿ ಮಿಕ್ಕ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿ ಗೋಲಿ ಓಡಲು ಬಹಳ ಚೆನ್ನಾದ ಹಾದಿ. ಅದು ಸಿಗದಿದ್ದರೆ ಸೀಳಿದ ಬಿದಿರು, ಉದ್ದಕ್ಕೆ ಕೊಯ್ದ ಪಿವಿಸಿ ಪೈಪು, ತೋಟದ ಊರಾದರೆ ಅಡಿಕೆ ಹಾಳೆ. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿದ್ದ ರಟ್ಟಿನ ಕೊಳವೆ ಕೇಳಿದರೆ ಕೊಡುತ್ತಾರೆ. ದರ್ಜಿಯ ಹತ್ತಿರ ಖಾಲಿ ದಾರದ ರೀಲು, ಬಡಗಿಯ ಹತ್ತಿರ ರೀಪರ್ ತುಂಡು, ಸೈಕಲ್ ಅಂಗಡಿಯಲ್ಲಿ ಬೇರಿಂಗಿನ ಹಳೆಯ ಗುಂಡು. ಇವುಗಳ ಜೊತೆಗೆ ಗೋಲಿ, ಬೆಂಕಿಪೊಟ್ಟಣ, ನೀರಿನ ಬಾಟಲಿ, 30 ಸೆಂಟಿಮೀಟರ್ ಸ್ಕೇಲು, ನೈಲಾನ್ ದಾರ, ಅಂಟುಟೇಪು. ಸಾಮಾನು ತರಲು ಮಕ್ಕಳನ್ನೇ ಕಳಿಸಿ. ಬಡಗಿಯ ಅಂಗಡಿಯಲ್ಲಿ ನಿಂತು ಗುದ್ದಲಿಯ ಕಾವಿಗೆ ಬೆಣೆ ಹೊಡೆಯುವುದನ್ನು ಕಂಡ ಹುಡುಗಿಗೆ ಬೆಣೆ ಎಂದರೇನೆಂದು ಮತ್ತೆ ಹೇಳಿಕೊಡಬೇಕಾಗುವುದಿಲ್ಲ.

ನಾಲ್ಕೈದು ಮಕ್ಕಳ ಗುಂಪು ಸಾಕು. ಅದಕ್ಕಿಂತ ದೊಡ್ಡ ಗುಂಪಿನಲ್ಲಿ ಇಬ್ಬರು ದುಡಿಯುತ್ತಾರೆ, ಮಿಕ್ಕವರು ನೋಡುತ್ತಾರೆ. ಇನ್ನೊಂದನ್ನು ನಾನು ತಡವಾಗಿ ಗಮನಿಸಿದೆ, ನೀವು ಮೊದಲೇ ಗಮನಿಸಿ. ಸುಮ್ಮನೆ ಬಿಟ್ಟರೆ ಸುತ್ತಿಗೆ, ಗರಗಸ ಹುಡುಗರ ಕೈಗೆ ಹೋಗುತ್ತವೆ, ಚಾರ್ಟು ಬರೆಯುವ ಸ್ಕೆಚ್‌ಪೆನ್ನು ಹುಡುಗಿಯರ ಕೈಗೆ. ಕಟ್ಟುವವರು, ಅಳೆಯುವವರು, ಬರೆಯುವವರು ಎಂದು ಕೆಲಸ ಹಂಚಿ ಪ್ರತಿ ಅವಧಿಗೂ ಬದಲಾಯಿಸಿ. ಒಟ್ಟು ಐದಾರು ಅವಧಿ ಬೇಕು. ಎರಡು ಅವಧಿಗಳನ್ನು ಒಟ್ಟಿಗೆ ಕೊಡುವಂತೆ ಮುಖ್ಯ ಶಿಕ್ಷಕರನ್ನು ಕೇಳಿಕೊಂಡರೆ, ಅರ್ಧ ಕಟ್ಟಿದ್ದನ್ನು ಕಳಚಿಡುವ ಸಂಕಟ ತಪ್ಪುತ್ತದೆ.

ಕಟ್ಟುವುದನ್ನು ಕೊನೆಯಿಂದ ಶುರು ಮಾಡಿಸಿ. ಎಲ್ಲ ಮಕ್ಕಳಿಗೂ ಮೊದಲು ಗೋಲಿ ಉರುಳಿಸುವ ಆಸೆ. ಹಾಗೆ ಮುಂದಕ್ಕೆ ಕಟ್ಟುತ್ತಾ ಹೋದರೆ ಗಂಟೆಯ ಹತ್ತಿರ ಬರುವ ಹೊತ್ತಿಗೆ ಅದನ್ನು ಬಾರಿಸುವಷ್ಟು ಜೋರು ಉಳಿದಿರುವುದಿಲ್ಲ. ಗಂಟೆ ಬಾರಿಸಲು ಏನು ಬೇಕು? ನಾಲಿಗೆಗೆ ಕಟ್ಟಿದ ದಾರವನ್ನು ಬಿರುಸಾಗಿ ಎಳೆಯಬೇಕು. ಹಾಗೆ ಎಳೆಯಲು? ಅರ್ಧ ಲೀಟರ್ ನೀರಿನ ಬಾಟಲಿ ಬೀಳಬೇಕು. ಬಾಟಲಿ ಬೀಳಲು? ಅದರಡಿಯ ಹಲಗೆಯ ಬೆಣೆ ಕಳಚಬೇಕು. ಬೆಣೆ ಕಳಚಲು? ಹೀಗೆ ಹಿಂದಕ್ಕೆ ಕೇಳುತ್ತಾ ಬಂದರೆ ಮೊದಲನೆಯ ಗೋಲಿ ತಾನಾಗಿ ತನ್ನ ಜಾಗಕ್ಕೆ ಬಂದು ಕೂರುತ್ತದೆ.

ಇಲ್ಲಿಯೇ ಈ ಆಟದ ತಿರುಳಿದೆ. ಮೊದಲ ಗೋಲಿಯ ಶಕ್ತಿಯೇ ಕೈಯಿಂದ ಕೈಗೆ ಸಾಗಿ ಕೊನೆಗೆ ಗಂಟೆ ಬಾರಿಸಿತು ಎಂದು ಎಲ್ಲ ಮಕ್ಕಳೂ ನಂಬಿರುತ್ತಾರೆ, ದೊಡ್ಡವರೂ ಕೂಡ. ಲೆಕ್ಕ ಹಾಕಿಸಿ. ಒಂದು ಗೋಲಿಯ ತೂಕ ಗೊತ್ತಿಲ್ಲವೇ? ಇಪ್ಪತ್ತು ಗೋಲಿಗಳನ್ನು ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿಸಿ ಭಾಗಿಸಲಿ. ಮಾಮೂಲಿ ಗಾಜಿನ ಗೋಲಿಯಾದರೆ 5 ಗ್ರಾಂ ಆಸುಪಾಸು ಬರುತ್ತದೆ. ಅದು 20 ಸೆಂಟಿಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರರ ಗುಣಲಬ್ಧ: 0.005 × 9.8 × 0.2, ಅಂದರೆ ಸುಮಾರು 0.01 ಜೂಲ್. ಅತ್ತ ಅರ್ಧ ಲೀಟರ್ ನೀರಿನ ಬಾಟಲಿ 40 ಸೆಂಟಿಮೀಟರ್ ಬಿದ್ದರೆ 0.5 × 9.8 × 0.4, ಸುಮಾರು 2 ಜೂಲ್. ಗೋಲಿಯದರ ಇನ್ನೂರು ಪಟ್ಟು! ಒಂದು ಪೈಸೆ ಕೊಟ್ಟವನಿಗೆ ಎರಡು ರೂಪಾಯಿ ಬಂದ ಹಾಗಾಯಿತು. ಶಕ್ತಿಯನ್ನು ಸೃಷ್ಟಿಸಲಾಗದು ಎಂದು ಪಾಠ ಹೇಳುತ್ತದಲ್ಲ, ಮಿಕ್ಕದ್ದು ಎಲ್ಲಿಂದ ಬಂತು?

ಈ ಪ್ರಶ್ನೆಗೆ ಉತ್ತರ ಹೇಳಿಬಿಡಬೇಡಿ, ಒಂದು ದಿನ ಕಾಯಿರಿ. ಯಾರಾದರೂ ಒಬ್ಬರು ‘ಬಾಟಲಿಯನ್ನು ಮೇಲಿಟ್ಟದ್ದು ನಾನೇ’ ಎಂದು ಹೇಳಿಯೇ ಹೇಳುತ್ತಾರೆ. ಅದೇ ಉತ್ತರ. ಬಾಟಲಿಯ ಪ್ರಚ್ಛನ್ನ ಶಕ್ತಿಯನ್ನು ತುಂಬಿದ್ದು ಬೆಳಿಗ್ಗೆ ಉಪ್ಪಿಟ್ಟು ತಿಂದು ಬಂದ ಆ ಹುಡುಗನ ತೋಳು. ಗೋಲಿ ಮಾಡಿದ್ದು ಬೀಗ ತೆಗೆಯುವ ಕೆಲಸವನ್ನಷ್ಟೇ. ಸರಪಳಿ ಯಂತ್ರದ ಪ್ರತಿ ಹಂತದಲ್ಲೂ ಹೀಗೆ ಒಂದೊಂದು ಕಣಜ ಮೊದಲೇ ತುಂಬಿರುತ್ತದೆ. ಹಿಂದಿನ ಹಂತ ಬಂದು ಅದರ ಬಾಗಿಲು ತೆರೆಯುತ್ತದೆ. ಇದು ತಿಳಿದ ಮೇಲೆ ಮಕ್ಕಳು ಕಟ್ಟುವ ರೀತಿಯೇ ಬದಲಾಗುತ್ತದೆ. ‘ಗೋಲಿಗೆ ಇನ್ನೂ ಜೋರು ಕೊಡೋಣ’ ಎನ್ನುವ ಬದಲು ‘ಬೆಣೆಯನ್ನು ಇನ್ನೂ ಸಡಿಲ ಮಾಡೋಣ’ ಎನ್ನುತ್ತಾರೆ. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ತು ಹುಟ್ಟುತ್ತಿರುವುದೂ ಎತ್ತರದಲ್ಲಿರುವ ನೀರು ಕೆಳಗಿಳಿಯುವುದರಿಂದಲೇ ಎಂದು ಇದೇ ಹೊತ್ತಿನಲ್ಲಿ ಹೇಳಿದರೆ, ಬಾಟಲಿಯೂ ಕಾವೇರಿಯೂ ಒಂದೇ ಲೆಕ್ಕಕ್ಕೆ ಬರುತ್ತವೆ.

ಇದನ್ನೇ ಕಣ್ಣಿಗೆ ತೋರಿಸುವ ಇನ್ನೊಂದು ಪ್ರಯೋಗ ರೀಪರ್ ತುಂಡುಗಳದ್ದು. ನಿಲ್ಲಿಸಿದ ಬಿಲ್ಲೆಯೊಂದು ತನಗಿಂತ ಒಂದೂವರೆ ಪಟ್ಟು ದೊಡ್ಡದನ್ನು ಬೀಳಿಸಬಲ್ಲದು ಎಂದು ಭೌತವಿಜ್ಞಾನಿ ಲಾರ್ನ್ ವೈಟ್‌ಹೆಡ್ 1983ರಲ್ಲಿ 13 ಬಿಲ್ಲೆಗಳ ಸಾಲಿನಿಂದ ತೋರಿಸಿದರು. ಹಂತಕ್ಕೆ ಒಂದೂವರೆ ಪಟ್ಟಿನಂತೆ ಹದಿಮೂರನೆಯದು ಮೊದಲನೆಯದರ ಸುಮಾರು 130 ಪಟ್ಟು ಎತ್ತರ. ನಮಗೆ ಆರು ಬಿಲ್ಲೆ ಸಾಕು. ಮೊದಲನೆಯದು 2 ಸೆಂಟಿಮೀಟರ್ ಇದ್ದರೆ ಆರನೆಯದು 15 ಸೆಂಟಿಮೀಟರ್ ಬರುತ್ತದೆ. ಉದ್ದ, ಅಗಲ, ದಪ್ಪ ಮೂರನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಿ ಕೊಯ್ದುಕೊಡಲು ಬಡಗಿಗೆ ಹೇಳಿ. ಕಿರುಬೆರಳಿನಲ್ಲಿ ಮುಟ್ಟಿದ ಮೊದಲನೆಯದು ಕೊನೆಯ ಮರದ ತುಂಡನ್ನು ಧಡ್ ಎಂದು ಕೆಡವಿದಾಗ ತರಗತಿ ಸುಮ್ಮನಾಗುತ್ತದೆ. ಒಂದೊಂದು ತುಂಡನ್ನೂ ಎತ್ತಿ ನಿಲ್ಲಿಸುವಾಗ ನಾವು ಕೊಟ್ಟ ಶಕ್ತಿಯೇ ಅಲ್ಲಿ ಕಾದು ಕುಳಿತಿತ್ತು.

ಇನ್ನು ಸರಳ ಯಂತ್ರಗಳು. ಪುಸ್ತಕ ಆರನ್ನು ಹೇಳುತ್ತದೆ: ಸನ್ನೆ, ರಾಟೆ, ಗಾಲಿ ಮತ್ತು ಅಚ್ಚು, ಇಳಿಜಾರು, ಬೆಣೆ, ತಿರುಪು. ಯಂತ್ರ ಕಟ್ಟುವ ಮೊದಲು ಮಕ್ಕಳನ್ನು ಮನೆಗೆ ಕಳಿಸಿ ಹುಡುಕಿ ಬರಲು ಹೇಳಿ. ಅಡಕತ್ತರಿಯಲ್ಲಿ ಅಡಿಕೆ ಎಲ್ಲಿದೆ, ಆನಿಕೆ ಎಲ್ಲಿದೆ, ಕೈ ಎಲ್ಲಿದೆ? ಒಲೆಯ ಹತ್ತಿರದ ಇಕ್ಕಳದಲ್ಲಿ ಈ ಮೂರರ ಜಾಗ ಹೇಗೆ ಬದಲಾಗಿದೆ? ಈಳಿಗೆಯ ಅಲಗು ಬೆಣೆ, ಬಾವಿಯ ಗಡಗಡೆ ರಾಟೆ. ಊರಿನ ಹಿರಿಯರನ್ನು ಕಪಿಲೆಯ ಬಗ್ಗೆ ಕೇಳಿಕೊಂಡು ಬಂದರೆ ಇನ್ನೂ ಒಳ್ಳೆಯದು. ಬಾವಿಯ ಮೇಲಿನ ಗಾಲಿ ರಾಟೆ. ಎತ್ತುಗಳು ಬಾನಿಯನ್ನು ಎಳೆಯುತ್ತಾ ನಡೆದದ್ದು ಇಳಿಜಾರಿನಲ್ಲಿ, ಅವುಗಳ ಸ್ವಂತ ಭಾರವೂ ನೀರೆತ್ತಲು ನೆರವಾಗಲೆಂದು. ಎರಡು ಸರಳ ಯಂತ್ರಗಳನ್ನು ಜೋಡಿಸಿದ ಅಷ್ಟು ಅಚ್ಚುಕಟ್ಟಾದ ಏರ್ಪಾಡು ನಮ್ಮ ಹೊಲಗಳಲ್ಲೇ ಇತ್ತು ಎಂಬುದನ್ನು ಮಕ್ಕಳು ತಿಳಿಯಬೇಕು.

ಯಂತ್ರದೊಳಗೆ ರಾಟೆ ಇಡುವಾಗ, ಉಳಿತಾಯವಾದದ್ದು ಬಲವೋ ಶಕ್ತಿಯೋ ಎಂಬ ಮೊದಲಿನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿ ತನ್ನಿ. 200 ಗ್ರಾಂ ಭಾರವನ್ನು ನೇರವಾಗಿ ಎತ್ತಿದರೆ ಅದು ಸುಮಾರು 2 ನ್ಯೂಟನ್ ತೋರಿಸುತ್ತದೆ. ಮೇಲೆ ಕಟ್ಟಿದ ಸ್ಥಿರ ರಾಟೆಯಿಂದ ಎಳೆದರೂ ಅಷ್ಟೇ. ಎಳೆಯುವ ದಿಕ್ಕು ಬದಲಾಯಿತು, ಬಲ ಉಳಿಯಲಿಲ್ಲ. ಭಾರದ ಜೊತೆಗೇ ಏರುವ ಚಲಿಸುವ ರಾಟೆ ಹಾಕಿದರೆ ಮುಳ್ಳು 1 ನ್ಯೂಟನ್‌ಗಿಂತ ತುಸು ಮೇಲೆ ನಿಲ್ಲುತ್ತದೆ. ಈಗ ದಾರವನ್ನು ಅಳೆಯಿರಿ. ಭಾರ 10 ಸೆಂಟಿಮೀಟರ್ ಏರಲು ದಾರವನ್ನು 20 ಸೆಂಟಿಮೀಟರ್ ಎಳೆಯಬೇಕು. ಎರಡನ್ನು 0.1ರಿಂದ ಗುಣಿಸಿದರೂ ಒಂದನ್ನು 0.2ರಿಂದ ಗುಣಿಸಿದರೂ 0.2 ಜೂಲ್. ಬಲ ಅರ್ಧವಾಯಿತು, ಶಕ್ತಿ ಅಷ್ಟೇ ಬೇಕಾಯಿತು. ರೀಲಿನ ಘರ್ಷಣೆ ತಿಂದದ್ದನ್ನು ಲೆಕ್ಕಕ್ಕೆ ಹಿಡಿದರೆ ಶಕ್ತಿ ಸ್ವಲ್ಪ ಹೆಚ್ಚೇ ಬೇಕು. ‘ಬಲ ಬೇರೆ, ಶಕ್ತಿ ಬೇರೆ’ ಎಂದು ನಾನು ಹತ್ತು ಸಲ ಹೇಳಿದ್ದಕ್ಕಿಂತ ಆ ಮುಳ್ಳು ಮತ್ತು ಆ ಸ್ಕೇಲು ಚೆನ್ನಾಗಿ ಹೇಳುತ್ತವೆ.

ಸನ್ನೆಗೆ 30 ಸೆಂಟಿಮೀಟರ್ ಸ್ಕೇಲು, ಅದರಡಿಗೆ ಪೆನ್ಸಿಲ್. ಪೆನ್ಸಿಲನ್ನು 10ರ ಗೆರೆಯಲ್ಲಿ ಇಟ್ಟರೆ ಒಂದು ಕಡೆ ತೋಳು ಇನ್ನೊಂದರ ಎರಡರಷ್ಟು. ಇಲ್ಲೊಂದು ಸೂಕ್ಷ್ಮ ಇದೆ, ಇದು ಗೊತ್ತಿಲ್ಲದೆ ಎಷ್ಟೋ ಗುಂಪುಗಳು ತಲೆ ಕೆಡಿಸಿಕೊಳ್ಳುತ್ತವೆ: ಸ್ಕೇಲಿಗೂ ತೂಕವಿದೆ, ಉದ್ದ ತೋಳಿನ ಕಡೆಗೆ ಅದು ಮೊದಲೇ ವಾಲಿರುತ್ತದೆ. ಗಿಡ್ಡ ತೋಳಿಗೆ ನಾಣ್ಯವೋ ಜೇಡಿಮಣ್ಣೋ ಅಂಟಿಸಿ ಮೊದಲು ಸಮ ಮಾಡಿಕೊಳ್ಳಬೇಕು.

ಇಳಿಜಾರಿಗೆ ಒಂದು ಮೀಟರ್ ಹಾದಿಗೆ 10 ಸೆಂಟಿಮೀಟರ್ ಇಳಿತದಿಂದ ಶುರು ಮಾಡಿ. ಹೆಚ್ಚು ಕಡಿದಾದರೆ ತಿರುವಿನಲ್ಲಿ ಗೋಲಿ ಹಾರಿಹೋಗುತ್ತದೆ. ಗಾಲಿ ಮತ್ತು ಅಚ್ಚಿಗೆ ಪೆನ್ಸಿಲಿಗೆ ಬಿಗಿಯಾಗಿ ಕೂರಿಸಿದ ದೊಡ್ಡ ರೀಲು ಸಾಕು. ರೀಲಿಗೆ ಸುತ್ತಿದ ದಾರ ಎಳೆದರೆ ಪೆನ್ಸಿಲಿಗೆ ಸುತ್ತಿದ ದಾರ ಭಾರ ಎತ್ತುತ್ತದೆ. ಆರರಲ್ಲಿ ಕಷ್ಟದ್ದು ತಿರುಪು. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪನ್ನು ಕಂಬವೊಂದಕ್ಕೆ ಸುರುಳಿಯಾಗಿ ಸುತ್ತಿ, ಒಳಗೆ ಸೈಕಲ್ ಬೇರಿಂಗಿನ ಗುಂಡು ಬಿಟ್ಟರೆ ತಿರುಪು ಅಂದರೆ ಸುತ್ತಿಟ್ಟ ಇಳಿಜಾರು ಎಂಬುದು ಕಾಣುತ್ತದೆ.

ಶಕ್ತಿಯ ಬೇರೆ ರೂಪಗಳನ್ನೂ ಒಂದೆರಡು ಕಡೆ ಸೇರಿಸಿ. ನಿಂಬೆರಸ ಅಡುಗೆ ಸೋಡಾದ ಮೇಲೆ ಸುರಿದು, ಬಾಟಲಿಯ ಬಾಯಿಗೆ ಕಟ್ಟಿದ ಬಲೂನು ಉಬ್ಬಿ ಮುಂದಿನ ಪೊಟ್ಟಣವನ್ನು ತಳ್ಳಿದರೆ ರಾಸಾಯನಿಕ ಶಕ್ತಿ. ಬೀಳುವ ಪೊಟ್ಟಣದ ಬೆನ್ನಿಗೆ ಅಂಟಿಸಿದ ಅಲ್ಯೂಮಿನಿಯಂ ಹಾಳೆ ಎರಡು ತಂತಿಗಳನ್ನು ಕೂಡಿಸಿ ಟಾರ್ಚಿನ ಬಲ್ಬು ಹೊತ್ತಿದರೆ ವಿದ್ಯುತ್ತು. ಜರಡಿ ಹಿಡಿದ ಒಣ ಮರಳು ಬಾಟಲಿಯ ತೂತಿನಿಂದ ಸುರಿಯುತ್ತಾ ಹಗುರಾದಾಗ ತಕ್ಕಡಿಯ ಇನ್ನೊಂದು ಕಡೆ ಇಳಿದರೆ, ಯಂತ್ರಕ್ಕೆ ಬೇಕಾದಷ್ಟು ಹೊತ್ತಿನ ಬಿಡುವು ಸಿಗುತ್ತದೆ. ಟಾರ್ಚ್ ಸೆಲ್ಲು ಬಿಟ್ಟು ಗೋಡೆಯ ಪ್ಲಗ್ಗಿನ ಕರೆಂಟು ಯಾವ ಕಾರಣಕ್ಕೂ ಬೇಡ. ಪಟಾಕಿ, ಬ್ಲೇಡು, ಇಲಿಬೋನು ಬೇಡ. ಕುತ್ತಿಗೆ ಮಟ್ಟದಲ್ಲಿ ದಾರ ಕಟ್ಟಬೇಡಿ. ಬೇರಿಂಗಿನ ಗುಂಡುಗಳು ಪುಟ್ಟ ಮಕ್ಕಳ ಬಾಯಿಗೆ ಹೋಗದಂತೆ ಎಣಿಸಿ ಕೊಟ್ಟು ಎಣಿಸಿ ಪಡೆಯಿರಿ.

ಈಗ ಎಲ್ಲರನ್ನೂ ಕಾಡುವ ವಿಷಯ: ಯಂತ್ರ ಓಡುವುದಿಲ್ಲ. ಬಿಡಿಬಿಡಿಯಾಗಿ ಎಲ್ಲ ಹಂತ ಸರಿಯಾಗಿದ್ದು, ಪ್ರದರ್ಶನದ ದಿನ ನಡುವೆ ಎಲ್ಲೋ ನಿಂತುಬಿಡುತ್ತದೆ. ಮಕ್ಕಳು ‘ನಮ್ಮ ಹಣೆಬರಹ’ ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಹಣೆಬರಹದ ಜಾಗಕ್ಕೆ ಲೆಕ್ಕ ತನ್ನಿ. ಹತ್ತು ಹಂತಗಳಿವೆ, ಪ್ರತಿ ಹಂತವೂ ಹತ್ತಕ್ಕೆ ಒಂಬತ್ತು ಸಲ ಸರಿಯಾಗಿ ನಡೆಯುತ್ತದೆ ಎನ್ನಿ. 0.9 ಅನ್ನು ಹತ್ತು ಸಲ ಗುಣಿಸಿದರೆ ಬರುವುದು ಸುಮಾರು 0.35. ಮೂರು ಸಲ ಓಡಿಸಿದರೆ ಒಂದು ಸಲ ಗಂಟೆ ಬಾರಿಸೀತು, ಅಷ್ಟೇ. ಪ್ರತಿ ಹಂತ ನೂರಕ್ಕೆ 95 ಸಲ ಸರಿಯಿದ್ದರೆ ಪೂರ್ತಿ ಯಂತ್ರ ನೂರಕ್ಕೆ 60 ಸಲ ಓಡುತ್ತದೆ, 99 ಸಲ ಸರಿಯಿದ್ದರೆ 90 ಸಲ. ಈ ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು ಬಿಡಿ. ‘ಚೆನ್ನಾಗಿದೆ’ ಎಂದು ಬಿಟ್ಟಿದ್ದ ಹಂತಗಳನ್ನು ಮಕ್ಕಳು ತಾವಾಗಿ ಮತ್ತೆ ಬಿಚ್ಚುತ್ತಾರೆ. ಪ್ರತಿ ಕೊಂಡಿಯನ್ನೂ ಬೇರೆಯಾಗಿ ಹತ್ತು ಸಲ ಓಡಿಸಿ, ಎಷ್ಟು ಸಲ ಸೋತಿತು ಎಂದು ಬರೆಯುವುದು ನನ್ನ ತರಗತಿಯಲ್ಲಿ ಕಡ್ಡಾಯ.

ಸೋಲು ಬಹುಪಾಲು ಕೊಂಡಿಯಲ್ಲೇ ಇರುತ್ತದೆ, ಹಂತದೊಳಗಲ್ಲ. ಗೋಲಿ ಚೆನ್ನಾಗಿ ಉರುಳುತ್ತದೆ, ಪೊಟ್ಟಣಗಳ ಸಾಲು ಚೆನ್ನಾಗಿ ಬೀಳುತ್ತದೆ, ಆದರೆ ಗೋಲಿ ಮೊದಲ ಪೊಟ್ಟಣದ ಬುಡಕ್ಕೆ ತಾಗಿ ಅದು ಅಲುಗದೆ ನಿಲ್ಲುತ್ತದೆ. ಮೇಲ್ಭಾಗಕ್ಕೆ ತಾಗಿದರೆ ಸುಲಭವಾಗಿ ಬೀಳುತ್ತದೆ, ಆನಿಕೆಯಿಂದ ದೂರ ಹೆಚ್ಚಾದಷ್ಟೂ ಕಡಿಮೆ ಬಲ ಸಾಕು ಎಂಬ ಸನ್ನೆಯ ಪಾಠವೇ ಇಲ್ಲಿ ಬಂತು. ಪೊಟ್ಟಣಗಳ ನಡುವಿನ ಅಂತರ ಅವುಗಳ ಎತ್ತರದ ಮೂರನೇ ಒಂದರಿಂದ ಅರ್ಧದವರೆಗೆ ಇರಲಿ. ಸಾಲು ನಿಲ್ಲಿಸುವಾಗ ನಡುನಡುವೆ ಎರಡು ಪೊಟ್ಟಣ ತೆಗೆದಿಡಿ, ಕೈ ತಾಗಿ ಬಿದ್ದರೆ ಅಷ್ಟಕ್ಕೇ ನಿಲ್ಲುತ್ತದೆ; ಕೊನೆಯಲ್ಲಿ ಅವನ್ನು ಇಟ್ಟರಾಯಿತು. ಫ್ಯಾನು ಆರಿಸಿ. ಮಳೆಗಾಲದಲ್ಲಿ ರಟ್ಟು ಮೆತ್ತಗಾಗಿ ಜೋಲುತ್ತದೆ, ಹಿಂದಿನ ದಿನ ಸರಿಯಾಗಿದ್ದ ಇಳಿಜಾರು ಮರುದಿನ ಹಳ್ಳ ಬಿದ್ದಿರುತ್ತದೆ. ಮೇಜಿನ ಕಾಲುಗಳ ಜಾಗವನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿಡಿ.

ಶಿಕ್ಷಕರಿಗೆ ಅತಿ ಕಷ್ಟದ ಕೆಲಸ ಎಂದರೆ ಕೈ ಕಟ್ಟಿ ನಿಲ್ಲುವುದು. ಬೆಣೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ನಮಗೆ ಕಾಣುತ್ತಿರುತ್ತದೆ, ಕೈ ತುರಿಸುತ್ತದೆ. ಮುಟ್ಟಬಾರದು. ‘ಗೋಲಿ ಇಲ್ಲಿಗೆ ಬಂದಾಗ ಅದರ ಹತ್ತಿರ ಎಷ್ಟು ಶಕ್ತಿ ಉಳಿದಿತ್ತು? ಉಳಿಯದ್ದು ಎಲ್ಲಿಗೆ ಹೋಯಿತು?’ ಎಂದು ಕೇಳಬಹುದು. ‘ಖರ್ಚಾಯಿತು’ ಎನ್ನುತ್ತಾರೆ. ಏನಾಗಿ ಖರ್ಚಾಯಿತು ಎಂದು ಮತ್ತೆ ಕೇಳಿ. ಪಟ್ಟಿಯ ಮೇಲೆ ಉರುಳಿದ ಸದ್ದು, ಉಜ್ಜಿದ ಬಿಸಿ ಎಂಬ ಉತ್ತರ ನಿಧಾನವಾಗಿ ಬರುತ್ತದೆ.

ಕೊನೆಗೆ ಬರವಣಿಗೆ. ಗೋಲ್ಡ್‌ಬರ್ಗ್ ಮಾಡಿದಂತೆ ಇಡೀ ಯಂತ್ರದ ಚಿತ್ರ ಬರೆದು ಹಂತಗಳಿಗೆ ಅ, ಆ, ಇ, ಈ ಎಂದು ಗುರುತು ಹಾಕಿಸಿ. ಪ್ರತಿ ಅಕ್ಷರಕ್ಕೂ ಎರಡು ವಾಕ್ಯ: ಯಾವ ಸರಳ ಯಂತ್ರ, ಯಾವ ಶಕ್ತಿ ಯಾವುದಾಗಿ ಬದಲಾಯಿತು. ಕನ್ನಡ ಶಿಕ್ಷಕರನ್ನೂ ಜೊತೆಗೆ ಕರೆಯಿರಿ. ಒಂದು ಕಾರಣದಿಂದ ಇನ್ನೊಂದು ಕಾರ್ಯ ಹುಟ್ಟುವುದನ್ನು ಗೊಂದಲವಿಲ್ಲದೆ ಬರೆಯುವುದು ಒಳ್ಳೆಯ ಭಾಷಾಭ್ಯಾಸ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಅಂಕ ಕೊಡುವುದಾದರೆ ಗಂಟೆ ಬಾರಿಸಿತೇ ಎಂಬುದಕ್ಕೆ ಕಡಿಮೆ, ಸೋಲುಗಳನ್ನು ಬರೆದಿಟ್ಟು ಏನನ್ನು ಬದಲಾಯಿಸಿದರು ಎಂಬುದಕ್ಕೆ ಹೆಚ್ಚು ಕೊಡಿ. ಹಾಗೆ ಮಾಡದಿದ್ದರೆ ಮಕ್ಕಳು ಮೂರೇ ಹಂತದ ಸುಲಭದ ಯಂತ್ರ ಕಟ್ಟಿ ಅಂಕ ಪಡೆದು ಹೋಗುತ್ತಾರೆ.

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಆ ದಿನಕ್ಕೆಂದು ಅಂಗಡಿಯಿಂದ ಥರ್ಮೋಕೋಲ್ ಮಾದರಿ ಕೊಂಡು ತರುವ ರೂಢಿ ಎಷ್ಟೋ ಶಾಲೆಗಳಲ್ಲಿದೆ. ಈ ಸಲ ಆ ದುಡ್ಡು ಉಳಿಸಿ, ಮಕ್ಕಳಿಗೆ ಎರಡು ವಾರ ಮೊದಲೇ ಒಂದು ಖಾಲಿ ಕೊಠಡಿ, ಎರಡು ಮೇಜು, ಐವತ್ತು ಬೆಂಕಿಪೊಟ್ಟಣ ಕೊಟ್ಟು ನೋಡಿ. ಕೊಠಡಿಯ ಬೀಗದ ಕೈ ಮಾತ್ರ ಒಬ್ಬರ ಹತ್ತಿರವೇ ಇರಲಿ, ನಿಲ್ಲಿಸಿಟ್ಟ ಸಾಲನ್ನು ಕಸ ಗುಡಿಸುವವರು ಬೀಳಿಸದಂತೆ ಹಿಂದಿನ ಸಂಜೆಯೇ ಹೇಳಿಡಿ.